ಇನ್ನೊಮ್ಮೆ ಅನ್ರಿ ಅನ್ನುವ ಅಕ್ಕೋರು

ಮೃಣಾಲಿನಿ ಅಕ್ಕೋರ ಸುದ್ದಿ ಗುರುಸಿದ್ದವ್ವನ ಕಿವಿಗೆ ಮೊದಲು ಬಿದ್ದದ್ದು ಮಗ್ಗಕ್ಕೆ ನೂಲು ಸುತ್ತುತ್ತ ಕೂತಿದ್ದಾಗ. ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಸುದ್ದಿಯೂ ನೂಲಿನ ಹಾಗೆಯೇ, ರಾಟಿ ತಿರುಗಿದಷ್ಟೂ ಉದ್ದವಾಗುತ್ತದೆ. ಅಂದು ಪಕ್ಕದ ಮನೆಯ ದೌಲತಬಿ ತನ್ನ ರಾಟಿಯನ್ನು ಬಗಲಲ್ಲಿ ಇಟ್ಟುಕೊಂಡು ಬಂದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ನೂಲಿನ ತುದಿ ಸಿಗುವ ಮೊದಲೇ ಮಾತಿನ ತುದಿ ಹಿಡಿದಳು.

"ಕೇಳೀದೇನಬೇ ಗುರುಸಿದ್ದವ್ವಾ? ಬಾಗಲಕೋಟಿಯಿಂದ ಒಬ್ಬಾಕಿ ಅಕ್ಕೋರು ಬಂದಾಳಂತ. ಸಾಲಿಗೆ ಹೋಗಾಕ ಆಗಲಾರದ ಹುಡುಗರ ಮನಿಗೇ ಬಂದು ಕಲಸ್ತಾಳಂತ. ಮಾತ ಬರಲಾರದವ್ರಿಗೆ ಮಾತಾಡೋ ಮಿಷನ್ ಕೊಡ್ತಾಳಂತ. ಖರೆ ಆಕೀಗೇ ಕಿವಿ ಕೇಳೂದಿಲ್ಲಂತ, ನೋಡ! ಎರಡೂ ಕಿವ್ಯಾಗ ಗುಂಡಿ ಸಿಗಿಸ್ಕೊಂಡು ತಿರಗತಾಳಂತ."

"ಛಲೋ ಆತ ಬಿಡ," ಅಂದಳು ಗುರುಸಿದ್ದವ್ವ. "ಕಿವುಡಿ ಬಂದು ಮೂಕಿಗೆ ಮಾತ ಕಲಸೂದಂದ್ರ, ಕುರುಡ ಬಂದು ಕುಂಟಗ ಕುಣಿಯಾಕ ಕಲಿಸಿದಂಗಾತು."

ದೌಲತಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಮಾತಿಗೆ ತಾನೇ ಮೆಚ್ಚಿ ಗುರುಸಿದ್ದವ್ವನೂ ನಕ್ಕಳು. ಒಳಕೋಣೆಯಿಂದ ಮೂರನೆಯದೊಂದು ನಗು ಕೇಳಿಸಿತು, ಗಂಟಲಲ್ಲಿ ನೀರು ತುಂಬಿಕೊಂಡಂಥ ನಗು. ಆಯಿ ನಕ್ಕರೆ ಮೊಮ್ಮಗಳೂ ನಗುವುದು ಆ ಮನೆಯ ರೂಢಿ. ಯಾರನ್ನು ಕುರಿತು ನಕ್ಕೆವೆಂದು ಹುಡುಗಿಗೆ ತಿಳಿಯಿತೋ ಇಲ್ಲವೋ ಎಂದು ಗುರುಸಿದ್ದವ್ವ ಅಂದು ಯೋಚಿಸಲಿಲ್ಲ.

ಮೊಮ್ಮಗಳ ಹೆಸರು ಶಿವಗಂಗಾ. ಮಗ ಅಂದಪ್ಪ ತನ್ನ ಅಜ್ಜಿಯ ಹೆಸರು ಉಳಿಯಲಿ ಎಂದು ಹಟ ಹಿಡಿದು ಇಟ್ಟದ್ದು. ಅಂದಪ್ಪನ ಅಜ್ಜಿ ಎಂದರೆ ಗುರುಸಿದ್ದವ್ವನ ಅತ್ತೆ. ಗಂಡನ ಹೆಸರು, ಅತ್ತೆ ಮಾವನ ಹೆಸರು ಸೊಸೆಯಾದವಳು ಬಾಯಿಬಿಟ್ಟು ಹೇಳಬಾರದು ಎನ್ನುವುದು ಆಕೆ ತವರಿನಿಂದ ಕಟ್ಟಿಕೊಂಡು ಬಂದ ಬುತ್ತಿ. ಅತ್ತೆ ಸತ್ತರೂ, ಗಂಡ ಸತ್ತರೂ ಆ ಬುತ್ತಿ ಬಿಚ್ಚಿದವಳಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕಾಡಿದರೆ ಒಂದು ಒಡಪು ಕಟ್ಟಿ, ಪ್ರಾಸದ ಸಂದಿಯಲ್ಲಿ ಹೆಸರನ್ನು ಜಾರಿಸಿಬಿಟ್ಟರೆ ಮುಗಿಯಿತು. ಆದರೆ ತೊಟ್ಟಿಲಲ್ಲಿ ಅಳುವ ಮಗುವನ್ನು ಗಳಿಗೆಗೊಮ್ಮೆ ಒಡಪು ಕಟ್ಟಿ ಕರೆಯಲಾದೀತೆ? ಮೊದಮೊದಲು 'ಕೂಸ' ಅಂದಳು. ಕೂಸಿಗೆ ವರ್ಷ ತುಂಬಿದರೂ ಕುತ್ತಿಗೆ ನಿಲ್ಲಲಿಲ್ಲ. ಕೈಕಾಲು ಹುರಿ ಹೆಚ್ಚಾದ ನೂಲಿನಂತೆ ಬಿಗಿದುಕೊಂಡವು. ಮಾತು ಬರಲಿಲ್ಲ. ಆಮೇಲೆ ಯಾವತ್ತೋ, ಯಾವುದೋ ಸಿಟ್ಟಿನಲ್ಲಿ, 'ಮೂಕಿ' ಅಂದಳು. ಬಾಯಿಗೆ ಸಲೀಸಾಯಿತು. ಅದೇ ನಿಂತುಬಿಟ್ಟಿತು. ಯಾರಾದರೂ ಹುಬ್ಬು ಗಂಟಿಕ್ಕಿದರೆ "ಅತ್ತೀ ಹೆಸರ ಹೆಂಗ ಕರೀಲೆವ್ವಾ?" ಎಂಬ ಉತ್ತರ ಸೆರಗಿನ ತುದಿಯಲ್ಲೇ ಇತ್ತು. ಅತ್ತೆಯ ಹೆಸರು ಕರೆಯದಿದ್ದರೆ ಮೂಕಿ ಎಂದೇ ಕರೆಯಬೇಕೇ ಎಂದು ಮರುಪ್ರಶ್ನೆ ಹಾಕಿದವರು ಯಾರೂ ಇರಲಿಲ್ಲ.

ಹುಡುಗಿಯನ್ನು ಸಾಕಿದ್ದು ಆಕೆಯೇ. ತಾಯಿ ಶೀಲಾ ಬಟ್ಟೆ ಅಂಗಡಿಗೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಬರುವಳು. ಅಂದಪ್ಪ ಪಡಸಾಲೆಯ ಮಗ್ಗದ ಕುಣಿಗೆ ಇಳಿದರೆ ಕುಪ್ಪಸದ ಖಣದ ತುಂಡು ಮುಗಿಯುವವರೆಗೆ ಏಳುವವನಲ್ಲ. ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ಆಯಿಯದೇ. 'ಊಂಗ್' ಎಂದರೆ ನೀರು, 'ಅಗ್' ಎಂದರೆ ಹೊರಗೆ ಕರೆದೊಯ್ಯಿ, ನಾಲಿಗೆ ಚಾಚಿದರೆ ಛಾ. ಇಷ್ಟೆಲ್ಲ ತಿಳಿದವಳು ಜಗತ್ತಿನಲ್ಲಿ ತಾನೊಬ್ಬಳೇ ಎಂಬುದು ಗುರುಸಿದ್ದವ್ವನಿಗೆ ಹೆಮ್ಮೆಯೂ ಹೌದು, ಎದೆಯ ಮೇಲಿನ ಕಲ್ಲೂ ಹೌದು. ತಾನು ಕಣ್ಣು ಮುಚ್ಚಿದ ಮೇಲೆ ಇವಳಿಗೆ ನೀರಡಿಸಿದ್ದು ಯಾರಿಗೆ ತಿಳಿದೀತು? ಮತ್ತೆ ಮನೆಗೆ ಬೀಗರು ಬಂದರೆ, ವ್ಯಾಪಾರಿಗಳು ಬಂದರೆ, ಒಳಕೋಣೆಯ ಕದವನ್ನು ಮುಂದೆ ಮಾಡಿ ಹುಡುಗಿಯನ್ನು ಮರೆಮಾಡುವವಳೂ ಅದೇ ಗುರುಸಿದ್ದವ್ವ.

ಅಕ್ಕೋರು ಬಂದದ್ದು ಒಂದು ಸೋಮವಾರ. ಸಣ್ಣ ಆಳು, ನಲವತ್ತರ ಆಸುಪಾಸು, ಹೆಗಲಲ್ಲಿ ಅವರಿಗಿಂತ ಭಾರದ ಚೀಲ. ಕಿವಿಯ ಹಿಂದೆ ಬೆಲ್ಲದ ಬಣ್ಣದ ಯಂತ್ರಗಳು. ಮುಚ್ಚಿಕೊಳ್ಳಲು ಕೂದಲು ಇಳಿಬಿಟ್ಟಿರಲಿಲ್ಲ, ಓಲೆ ತೋರಿಸುವವರಂತೆ ಹಿಂದಕ್ಕೆ ಬಿಗಿದು ಕಟ್ಟಿದ್ದರು. ಹೊಸ್ತಿಲಲ್ಲೇ ಒಂದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಿಮ್ಮ ಮಗ್ಗ ಭಾಳ ಮಾತಾಡ್ತದರಿ. ಇದನ್ನ ಸ್ವಲ್ಪ ಬಂದ್ ಇಡ್ತೇನಿ. ನೀವು ನನ್ನ ಕಡೆ ಮಾರಿ ಮಾಡಿ ಮಾತಾಡ್ರಿ, ತುಟಿ ನೋಡಿ ತಿಳಕೋತೇನಿ," ಅಂದರು.

"ಛಾ ಕುಡೀತೀರೇನ್ರಿ?"

"ಇನ್ನೊಮ್ಮೆ ಅನ್ರಿ?"

"ಛಾ, ಛಾ!"

"ಒಮ್ಮೆ ಅಂದ್ರೂ ಕುಡೀತೇನಿ, ಎರಡ ಸಲ ಅಂದ್ರಿ, ಎರಡ ಕಪ್ ಕೊಡ್ರಿ."

ಆಮೇಲೆ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತರು. ಗುರುಸಿದ್ದವ್ವನನ್ನಲ್ಲ, ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದ ಹುಡುಗಿಯನ್ನು ಕೇಳಿದರು: "ನಾ ಒಳಗ ಬರ್ಲೇನವಾ?" ಹುಡುಗಿ ಗಂಟಲಲ್ಲಿ ಏನೋ ಅಂದಳು. ಅಕ್ಕೋರು ನೆಲದ ಮೇಲೆ ಕೂತು, ಮುಖಕ್ಕೆ ಮುಖ ಕೊಟ್ಟು, "ಇನ್ನೊಮ್ಮೆ ಅನ್ನವಾ," ಅಂದರು. ಹುಡುಗಿ ಬೆಚ್ಚಿದಳು. ಸುಮ್ಮನಿರು ಎಂದವರು ಆಕೆಗೆ ಬೇಕಾದಷ್ಟು ಜನ ಇದ್ದರು, ಇನ್ನೊಮ್ಮೆ ಅನ್ನು ಎಂದವರು ಹುಟ್ಟಿದ ಮೇಲೆ ಇದೇ ಮೊದಲು. ಕುತ್ತಿಗೆಯ ನರ ಉಬ್ಬಿಸಿ, ಇನ್ನೊಮ್ಮೆ ಅಂದಳು.

ಅಂದಿನಿಂದ ಸೋಮವಾರ ಬಂದರೆ ಅಕ್ಕೋರು ಬಂದರೆಂದೇ ಲೆಕ್ಕ. ಬಾದಾಮಿ ಕಡೆಯ ಬಸ್ಸಿನಿಂದ ಇಳಿದು ನಡೆದು ಬರುವರು. ಮಿಕ್ಕ ದಿನ ಬೇವೂರಿನಲ್ಲಿ ಒಬ್ಬ ಹುಡುಗ, ಬನಶಂಕರಿಯಲ್ಲಿ ಅಕ್ಕತಂಗಿಯರಿಬ್ಬರು, ಹೀಗೆ ಊರೂರಿನ ಒಳಕೋಣೆಗಳಲ್ಲಿ ಅವರ ಸಾಲೆ. ಛಾ ಕುಡಿಯುತ್ತ ತಮ್ಮ ಬಾಳನ್ನೂ ತುಂಡು ತುಂಡಾಗಿ ಹೇಳುವರು. ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಹುಟ್ಟಿದ ಮನೆ ಈಗ ಹಿನ್ನೀರಿನ ಕೆಳಗಿದೆ. ತಂದೆ ಕೃಷ್ಣಾಜಿ ಕೋರ್ಟಿನಲ್ಲಿ ಕಾರಕೂನರು, ಸಂಜೆಯಾದರೆ ಓಣಿಯವರಿಗೆ ಪುರಾಣ ಓದಿ ಹೇಳುವವರು. ಅಕ್ಕೋರು ಏಳು ವರ್ಷದವರಿದ್ದಾಗ ಜ್ವರ ಬಂದು ಎರಡೂ ಕಿವಿ ಸೋರಿದವು. ಜ್ವರ ಇಳಿಯಿತು, ಅಪ್ಪನ ಪುರಾಣ ಮತ್ತೆ ಕೇಳಿಸಲಿಲ್ಲ.

"ಮೀಸಿ ಇದ್ದ ಮಾಸ್ತರು ಬಂದ್ರ ನಾ ನಾಪಾಸ್ರಿ, ತುಟೀನ ಕಾಣಂಗಿಲ್ಲ. ಬೋಳಿಸ್ಕೊಂಡ ಮಾಸ್ತರು ಬಂದ್ರ ಪಾಸ್. ನನ್ನ ವಿದ್ಯಾ ಎಲ್ಲಾ ಹಜಾಮರ ಕೈಯಾಗ ಇತ್ತು ನೋಡ್ರಿ."

"ಮತ್ತ ಲಗ್ನಾರಿ?" ಎಂದು ಗುರುಸಿದ್ದವ್ವ ಕೇಳಿಯೇ ಬಿಟ್ಟಿದ್ದಳು.

"ಒಬ್ಬಾವ ನೋಡ್ಲಿಕ್ಕೆ ಬಂದಿದ್ದ. ತಲಿ ಕೆಳಗ ಹಾಕಿ ಏನೋ ಕೇಳಿದ. ಇನ್ನೊಮ್ಮೆ ಅನ್ರಿ ಅಂದೆ. ಎದ್ದ ಹೋದ." ಹೀಗೆ ಹೇಳಿ ಅಕ್ಕೋರು ಓಣಿಗೆಲ್ಲ ಕೇಳುವಂತೆ ನಕ್ಕರು. ಅವರ ನಗು ಯಾವಾಗಲೂ ಒಂದು ಅಳತೆ ದೊಡ್ಡದೇ. ಎಷ್ಟು ಜೋರಾಯಿತೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಮಿಷನ್ ಬಂದದ್ದು ಕೆಲವು ವಾರ ಕಳೆದ ಮೇಲೆ. ಪಾಟಿಯಷ್ಟಗಲದ ಟ್ಯಾಬ್. ಅದರ ತುಂಬ ಚಿತ್ರಗಳು. ಹುಡುಗಿಯ ಬೆರಳು ಬಿಚ್ಚುತ್ತಿರಲಿಲ್ಲ, ಆದರೆ ಮುಷ್ಟಿಯ ಗೆಣ್ಣಿನಿಂದ ಚಿತ್ರ ಒತ್ತಬಲ್ಲಳು. ಒತ್ತಿದರೆ ಮಿಷನ್ ಮಾತಾಡುತ್ತದೆ. ಅಷ್ಟೇ ಅಲ್ಲ, ಆಕೆಯ ಗಂಟಲಿನ ಸದ್ದನ್ನೂ ಕೇಳುತ್ತ ಕೇಳುತ್ತ ಯಾವ ಸದ್ದಿಗೆ ಯಾವ ಮಾತೆಂದು ತಾನೇ ಕಲಿಯುತ್ತದೆ ಎಂದರು ಅಕ್ಕೋರು.

ಅಂದಪ್ಪ ಮಗ್ಗ ನಿಲ್ಲಿಸಿ ಬಂದು ನೋಡಿದ. "ಎಐ ಅಂತಾರಲ್ರಿ, ಅದೇನ್ರಿ ಇದು?"

"ಹೂಂ, ಅದೇ. ಕೃತಕ ಬುದ್ಧಿ. ಬುದ್ಧಿ ಅಂತ ಹೆಸರು, ಖರೆ ಸಣ್ಣ ಕೂಸಿದ್ದಂಗ. ಮನ್ಯಾಗ ಏನ ಕೇಳ್ತದ ಅದನ್ನ ಕಲೀತದ."

ಹುಡುಗಿ ಮೊದಲ ದಿನ ನೀರಿನ ಚಿತ್ರ ಒತ್ತಿದಳು. ಒಳಗಿಂದ ಒಬ್ಬ ಹೆಂಗಸು, "ನನಗೆ ಬಾಯಾರಿಕೆಯಾಗಿದೆ. ದಯವಿಟ್ಟು ಸ್ವಲ್ಪ ನೀರು ಕೊಡುವಿರಾ?" ಅಂದಳು.

"ಯಾ ಅಲ್ಲಾ!" ದೌಲತಬಿ ಗಲ್ಲಕ್ಕೆ ಕೈ ಹಚ್ಚಿದಳು. "ಬೆಂಗಳೂರಿನ ಸಾಹೇಬರ ಹೇಂತಿ ಒಳಗ ಕುಂತಂಗಾತಲ್ಲಬೇ! ಆಕೀಗೆ ಮೊದಲ ಒಂದ ಖುರ್ಚೆ ಹಾಕ್ರಿ, ನೀರ ಆಮ್ಯಾಲೆ ಕೊಡೂಣಂತ."

ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಗೋಡೆಯ ಕಡೆ ಮುಖ ಹೊರಳಿಸಿದವಳು ಅಂದು ಮತ್ತೆ ಆ ಮಿಷನ್ ಮುಟ್ಟಲಿಲ್ಲ.

"ತಪ್ಪು ನಂದರಿ," ಅಂದರು ಅಕ್ಕೋರು. "ಈ ಮನ್ಯಾಗ ಯಾರೂ ದಯವಿಟ್ಟು ಅನ್ನೂದಿಲ್ಲ. ಇದಕ್ಕ ಮನೀ ದನಿ ಕಲಿಸೂಣ." ತಂದೆ, ತಾಯಿ, ಆಯಿ, ಮೂವರ ಫೋಟೋ ತೋರಿಸಿ, "ಯಾರ ದನಿ ಬೇಕವಾ ನಿನಗ?" ಎಂದು ಕೇಳಿದರು. ಹುಡುಗಿಯ ಗೆಣ್ಣು ನಡುಗುತ್ತ ಬಂದು ಆಯಿಯ ಫೋಟೋದ ಮೇಲೆ ನಿಂತಿತು. ಗುರುಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಒಡಕು ದನಿಯನ್ನು ಬೇಕೆಂದವರು ಅದುವರೆಗೆ ಯಾರೂ ಇರಲಿಲ್ಲ.

ಒಂದು ವಾರ ಮಿಷನ್ ಒಳಕೋಣೆಯ ಗೂಡಿನಲ್ಲಿ ಎಣ್ಣೆ ಡಬ್ಬಿಯ ಮಗ್ಗುಲಿಗೆ ಕೂತು ಕೇಳಲಿ ಎಂದಾಯಿತು. ಬೇಡವೆನಿಸಿದಾಗ ಹೇಗೆ ಬಂದ್ ಮಾಡಬೇಕೆಂದೂ ಅಕ್ಕೋರು ತೋರಿಸಿಕೊಟ್ಟರು. ಮೊದಲ ದಿನ ಗುರುಸಿದ್ದವ್ವ ಬೀಗರ ಮುಂದೆ ಮಾತಾಡುವಂತೆ ಮಾತಾಡಿದಳು: "ನನ್ನ ಬಂಗಾರಾ, ಊಟಾ ಮಾಡತೀಯೇನವಾ?" ಹುಡುಗಿ ಬೆರಗಾಗಿ ನೋಡಿದಳು. ಎರಡನೆಯ ದಿನಕ್ಕೆ ಮಿಷನ್ ಇರುವುದೇ ಮರೆತುಹೋಯಿತು. ಗೂಡಿನಲ್ಲಿ ಬೆಕ್ಕು ಮಲಗಿದ್ದರೆ ಅದರ ಮುಂದೆ ಮಾತು ಅಳೆದು ಆಡುವವರುಂಟೇ?

ವಾರ ಕಳೆದು ಅಕ್ಕೋರು ಬಂದಾಗ ಮಿಷನ್ ಕೇಳಿದ್ದನ್ನೆಲ್ಲ ಅಕ್ಷರ ಮಾಡಿ ಇಟ್ಟಿತ್ತು. ಕಿವಿಗಿಂತ ಕಣ್ಣನ್ನೇ ನಂಬಿದವರು ಅವರು. ಹಿಂದಿನ ದಿನ ಮನೆಯಲ್ಲಿ ಕೂತು ಪೂರ್ತಿ ಓದಿಕೊಂಡೇ ಬಂದಿದ್ದರು. ಮುಖ ಅರಳಿಸಿಕೊಂಡು ಅಂದರು:

"ನೀವು ಆಕೀಗೆ ಮುಖಿ ಅಂತೀರೇನ್ರಿ? ಎಲ್ಲಾ ಕಡೆ ಅದೇ ಬಂದದ. ಮುಖಿ ನೀರ ಕುಡಿ, ಮುಖಿ ಇತ್ತ ತಿರಗು. ಚಂದ್ರಮುಖಿ ಇದ್ದಂಗ. ಎಷ್ಟ ಛಂದ ಕೊಂಡಾಟದ ಹೆಸರು!"

ಗುರುಸಿದ್ದವ್ವನಿಗೆ ಕ್ಷಣ ಹೊತ್ತು ಏನೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಪಟ್ಟಣದ ಮಾತು ಕಲಿತ ಮಿಷನ್ ಈ ಓಣಿಯ 'ಮೂಕಿ'ಯನ್ನು 'ಮುಖಿ' ಎಂದು ಬರೆದುಕೊಂಡಿತ್ತು. ಅಕ್ಕೋರು ಆ ಬರಹವನ್ನು ಓದಿಕೊಂಡಿದ್ದರು. ಹೇಳಿಬಿಡಬೇಕಾದದ್ದು ಆಗಲೇ. ಎದುರಿಗೆ ಅಕ್ಕೋರ ಅರಳಿದ ಮುಖ. ಮಗ್ಗದ ಸದ್ದು ನಿಂತಿತ್ತು, ಅಂದಪ್ಪನೂ ಕೇಳಿಸಿಕೊಳ್ಳುತ್ತಿದ್ದ.

"ಹೂನ್ರಿ," ಅಂದಳು ಗುರುಸಿದ್ದವ್ವ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. "ಮಾರಿ ಭಾಳ ಲಕ್ಷಣ ಐತೆಲ್ರಿ. ಅದಕ್ಕ ಹಂಗ ಕರೀತೀವಿ."

ಅಕ್ಕೋರು ಹುಡುಗಿಯ ಫೋಟೋ ತೆಗೆದು ಮಿಷನ್ನಿಗೆ ಹಾಕಿ, ಅದರ ಕೆಳಗೆ 'ಮುಖಿ' ಎಂದು ಬರೆದರು. ದನಿಯನ್ನು ಮಾತ್ರ ಮಿಷನ್ ತಾನು ಕೇಳಿದ್ದರೊಳಗಿಂದಲೇ ಆರಿಸಿಕೊಂಡಿತು.

ಆ ಸಂಜೆ ಗುರುಸಿದ್ದವ್ವ ಒಲೆಯ ಮುಂದಿದ್ದಾಗ ಯಾರೋ ಹಿಂದಿನಿಂದ "ಏ ಮೂಕೀ!" ಎಂದು ಗದರಿದರು. ಒರಟು ದನಿ, ಬೇಸತ್ತ ದನಿ. ಯಾರವಳು ಎಂದು ತಿರುಗಿ ನೋಡಿದರೆ ಕೋಣೆಯಲ್ಲಿ ಹುಡುಗಿ ಒಬ್ಬಳೇ. ಗೆಣ್ಣು ತನ್ನ ಫೋಟೋದ ಮೇಲೆ. ಹುಡುಗಿ ಇನ್ನೊಮ್ಮೆ ಒತ್ತಿದಳು. "ಏ ಮೂಕೀ!" ತನ್ನ ದನಿಯನ್ನು ಹೊರಗಿನಿಂದ ಗುರುಸಿದ್ದವ್ವ ಕೇಳಿದ್ದು ಅದೇ ಮೊದಲು. ಇಷ್ಟು ಒರಟಾಗಿ ಇರುತ್ತದೆಯೇ ಅದು? ದಿನಾ ಇಷ್ಟೇ ಒರಟಾಗಿತ್ತೇ? ಹುಡುಗಿ ಮಾತ್ರ ನಗುತ್ತಿದ್ದಳು. ಕಳೆದ ತನ್ನ ಹೆಸರು ಸಿಕ್ಕಿತೆಂಬಂತೆ ಒತ್ತುತ್ತಲೇ ಇದ್ದಳು.

ಗುರುಸಿದ್ದವ್ವ ಮಿಷನ್ ಕಸಿದು ಗೂಡಿನಲ್ಲಿಟ್ಟಳು. ಅಂದಪ್ಪ ಬಾಗಿಲಿಗೆ ಬಂದು, "ಅವ್ವಾ, ಅಕ್ಕೋರಿಗೆ ಮೆಸೇಜ್ ಬರದ ಹಾಕ್ಲೇನ?" ಎಂದು ಕೇಳಿದ.

"ಬ್ಯಾಡ. ಮಿಷನ್ ತಪ್ಪ ಹೇಳಾಕತ್ತೈತಿ. ತಾನಾ ಸರಿ ಆಗತೈತಿ."

ಅಂದಪ್ಪ ಮತ್ತೆ ಮಗ್ಗಕ್ಕೆ ಇಳಿದ.

ಆ ಮಿಷನ್ ಇನ್ನೂ ಅವರದಾಗಿರಲಿಲ್ಲ. ಪರೀಕ್ಷೆಗೆಂದು ಕೊಟ್ಟದ್ದು. ಬಾಗಲಕೋಟೆಯ ನವನಗರದಲ್ಲಿ ಇಂಥ ಮಕ್ಕಳಿಗಾಗಿ ಒಂದು ಕ್ಯಾಂಪು. ಅಲ್ಲಿ ಹುಡುಗಿ ಯಾರ ಸಹಾಯವೂ ಇಲ್ಲದೆ ಮಿಷನ್ನಿನಿಂದ ಮಾತಾಡಿ ತೋರಿಸಿದರೆ ಅದು ಆಕೆಗೇ ಉಳಿಯುವುದು. ಓಣಿಯ ಸಾಲೆಯಲ್ಲೂ ಕೂಡಿಸಿಕೊಳ್ಳುವರು. ತೋರಿಸದಿದ್ದರೆ ಮಿಷನ್ ಇನ್ನೊಬ್ಬರ ಮನೆಗೆ, ಹುಡುಗಿ ಮತ್ತೆ ಗೋಡೆಗೆ. ಗುರುಸಿದ್ದವ್ವನಿಗೆ ಅದು ಬೇಕೇ ಬೇಕಾಗಿತ್ತು. ತಾನಿಲ್ಲದ ದಿನ ಹುಡುಗಿಗೆ ನೀರು ಕೇಳಿಕೊಡುವವರು ಅದೊಂದೇ. ಅಲ್ಲಿ ಹೆಸರು ಯಾರು ಕೇಳುತ್ತಾರೆ, ಹೆಸರು ಕಾಗದದಲ್ಲಿ ಇದ್ದೇ ಇದೆ ಎಂದು ತನ್ನ ಮನಸ್ಸಿಗೆ ತಾನೇ ಹೇಳಿಕೊಂಡಳು. ಬಸ್ಸಿನುದ್ದಕ್ಕೂ ಅದನ್ನೇ ಹೇಳಿಕೊಂಡಳು. ಹುಡುಗಿ ತಂದೆಯ ತೊಡೆಯ ಮೇಲೆ ಕೂತು, ಬಯಲು ನೋಡುತ್ತ ಬಂದಳು.

ಕ್ಯಾಂಪಿನ ಸಭಾಂಗಣ ತುಂಬಿತ್ತು. ಹುನಗುಂದ, ಇಳಕಲ್ ಕಡೆಯಿಂದ ಬಂದ ಮಕ್ಕಳು, ತಾಯಂದಿರು, ಬುತ್ತಿ ಗಂಟುಗಳು. ಮುಂದೆ ಮೇಜಿನ ಹಿಂದೆ ಡಾಕ್ಟರಮ್ಮ ಒಬ್ಬರು, ಓಣಿಯ ಸಾಲೆಯ ಹೆಡ್ ಮಾಸ್ತರರು, ಇನ್ನಿಬ್ಬರು. ಮೃಣಾಲಿನಿ ಅಕ್ಕೋರು ಅಂದು ಇಳಕಲ್ ಸೀರೆ ಉಟ್ಟು ಬಂದಿದ್ದರು. ಮದುಮಗಳ ತಾಯಿಯಂತೆ ಅತ್ತಿಂದಿತ್ತ ಓಡಾಡುತ್ತಿದ್ದರು.

ಡಾಕ್ಟರಮ್ಮ ಹುಡುಗಿಯ ಮುಂದೆ ಬಗ್ಗಿ ಕೇಳಿದ್ದು ಮೊಟ್ಟಮೊದಲು ಅದನ್ನೇ: "ನಿನ್ನ ಹೆಸರೇನವಾ?"

"ಕಾಗದದಾಗ ಐತ್ರಿ!" ಗುರುಸಿದ್ದವ್ವ ಎದ್ದೇ ನಿಂತಳು. "ಬರದಾರ್ರಿ ಅದರಾಗ!"

"ನೀವು ಸುಮ್ನ ಕೂಡ್ರಿ ಅಜ್ಜೀ. ಆಕೀನ ಹೇಳ್ಲಿ."

ಹುಡುಗಿಯ ಕಣ್ಣು ಹೊಳೆದವು. ಬಲ್ಲ ಉತ್ತರ. ಗೆಣ್ಣು ಎಲ್ಲೂ ತಪ್ಪದೆ ತನ್ನ ಫೋಟೋಕ್ಕೆ ಬಂತು.

"ಏ ಮೂಕೀ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ನಗು ಸಾಲಿನಿಂದ ಸಾಲಿಗೆ ಹರಿಯಿತು. ಡಾಕ್ಟರಮ್ಮ ತಲೆ ತಗ್ಗಿಸಿದರು. ಇಡೀ ಸಭಾಂಗಣದಲ್ಲಿ ಆ ಮಾತು ಕೇಳಿಸದೆ ಇದ್ದವರು ಒಬ್ಬರೇ. ಗದ್ದಲಕ್ಕೆ ಕಿವಿಯ ಯಂತ್ರ ಬಂದ್ ಇಟ್ಟಿದ್ದ ಮೃಣಾಲಿನಿ ಅಕ್ಕೋರು ಪರದೆಯ ಮೇಲೆ 'ಮುಖಿ' ಎಂಬ ಅಕ್ಷರ ಬೆಳಗಿದ್ದನ್ನು ನೋಡಿದರು, ಜನ ನಗುವುದನ್ನು ನೋಡಿದರು, ಸಂತೋಷಕ್ಕೆ ನಗುತ್ತಿದ್ದಾರೆ ಎಂದುಕೊಂಡರು. ಚಪ್ಪಾಳೆ ತಟ್ಟಿ, ತಮ್ಮ ದೊಡ್ಡ ದನಿಯಲ್ಲಿ ಅಂದರು:

"ಶಭಾಷ್! ಎಲ್ಲಾರಿಗೂ ಕೇಳೂವಂಗ ಇನ್ನೊಮ್ಮೆ ಅನ್ನವಾ!"

ಹುಡುಗಿ ಇನ್ನೊಮ್ಮೆ ಅಂದಳು. ಅಕ್ಕೋರ ಚಪ್ಪಾಳೆಗೆ ಉಬ್ಬಿ ಮತ್ತೂ ಒಮ್ಮೆ ಅಂದಳು. ಪ್ರತಿ ಸಲವೂ ಗುರುಸಿದ್ದವ್ವನ ದನಿಯೇ ಗುರುಸಿದ್ದವ್ವನನ್ನು ಹುಡುಕಿಕೊಂಡು ಬಂತು. ಆಕೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಬಾಯಿ ಮುಚ್ಚಿದ್ದರೂ ದನಿ ಹೊರಡುತ್ತಲೇ ಇತ್ತು. ಪಕ್ಕದ ಹೆಂಗಸು ಆಕೆಯನ್ನು ನೋಡಿದಳು, ಮಿಷನ್ನನ್ನು ನೋಡಿದಳು, ಮತ್ತೆ ಆಕೆಯನ್ನು ನೋಡಿ ತನ್ನ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಉಳಿದ ಪ್ರಶ್ನೆಗಳಿಗೆ ಹುಡುಗಿ ಸರಿಯಾಗಿಯೇ ಉತ್ತರ ಕೊಟ್ಟಳು. ಏನು ಬೇಕೆಂದರೆ ಛಾ ಎಂದಳು. ಇವರು ಯಾರೆಂದರೆ "ನಮ್ಮಾಯಿ" ಎಂದಳು. ಹೆಡ್ ಮಾಸ್ತರರು, "ನಮ್ಮ ಹುಡುಗ್ರಕಿಂತ ಜೋರ ಮಾತಾಡ್ತಾಳಲ್ಲ, ಸಾಲಿಗೆ ಕಳಸ್ರಿ," ಎಂದರು. ಮಿಷನ್ ಆಕೆಯದಾಯಿತು. ಬಯಸಿದ್ದೆಲ್ಲ ಕೈಗೆ ಬಂದಿತ್ತು. ಗುರುಸಿದ್ದವ್ವ ಮಾತ್ರ ತಲೆ ಎತ್ತದೆ ಸಭೆಯಿಂದ ಹೊರಬಿದ್ದಳು.

ಅಂದಪ್ಪ ಹುಡುಗಿಯನ್ನು ಎತ್ತಿಕೊಂಡು ಬಸ್ ನಿಲ್ದಾಣದ ನೆರಳಿಗೆ ಹೋದ. ಅಕ್ಕೋರು ಹಿಂದೆಯೇ ಬಂದು, ಛಾದಂಗಡಿಯ ಮುಂದೆ ಗುರುಸಿದ್ದವ್ವನ ಕೈಗೆ ಛಾ ಇಟ್ಟರು. "ಯಾಕ್ರಿ ಮಾರಿ ಸಪ್ಪಗ ಮಾಡೀರಿ? ಇವತ್ತ ಹಬ್ಬ!"

"ಅಕ್ಕೋರ, ಅದು ಮುಖಿ ಅಲ್ರಿ."

"ಇನ್ನೊಮ್ಮೆ ಅನ್ರಿ. ಬಸ್ಸಿನ ಸಪ್ಪಳ."

"ಮುಖಿ ಅಲ್ರಿ. ಮೂಕಿ."

ಅಕ್ಕೋರು ತುಟಿ ನೋಡುತ್ತಿದ್ದರು. ಆದರೆ ಆ ಎರಡು ಮಾತು ತುಟಿಯ ಮೇಲೆ ಒಂದೇ. "ಅದೇ ಅಂದ್ರೆಲ್ಲ? ಮುಖಿ. ಏನಾತು?"

"ಮೂಕೀರಿ! ಮಾತ ಬರಲಾರದ ಮೂಕಿ! ನಾ ಆಕೀನ ಹಂಗ ಕರೀತೇನ್ರಿ, ದಿನಾ!" ಗುರುಸಿದ್ದವ್ವ ಕೂಗಿಯೇ ಬಿಟ್ಟಳು. ಛಾದವನು ಸೌಟು ನಿಲ್ಲಿಸಿ ನೋಡಿದ. ಬೆಂಚಿನ ಮೇಲಿದ್ದವರು ತಿರುಗಿದರು. "ಮಿಷನ್ ತಪ್ಪ ಬರದಿತ್ತು. ನೀವು ಛಂದ ಹೆಸರ ಅಂದ್ರಿ. ನಾ ಹೂಂ ಅಂದೆ. ಲಕ್ಷಣ ಐತಿ ಅಂತ ಮ್ಯಾಲೊಂದ ಸುಳ್ಳ ಹೇಳಿದೆ. ಮನ್ಯಾಗ ಕೇಳಿಸಿದ ಮ್ಯಾಲೂ ನಿಮಗ ತಿಳಸಲಿಲ್ಲ."

ಅಕ್ಕೋರು ಈಗ ಕಾಣುತ್ತಿದ್ದುದು ಸಭಾಂಗಣವನ್ನು, ನಗುವ ಜನರನ್ನು, ಚಪ್ಪಾಳೆ ತಟ್ಟುವ ತಮ್ಮನ್ನು.

"ಎಲ್ಲಾರ ಮುಂದ ಇನ್ನೊಮ್ಮೆ ಅನ್ನವಾ ಅಂದೆನಲ್ಲರಿ ನಾನು," ಅಂದರು, ಈ ಸಲ ಬಹಳ ಸಣ್ಣ ದನಿಯಲ್ಲಿ.

"ನಿಮ್ಮದೇನ ತಪ್ಪೈತ್ರಿ ಅಕ್ಕೋರ."

"ಐತಿ." ಯಾವಾಗಲೂ 'ಅದ' ಅನ್ನುವವರು ಈಗ ಗುರುಸಿದ್ದವ್ವನ ಮಾತನ್ನೇ ಆಡಿದರು. "ಮಿಷನ್ ಬರದದ್ದರೊಳಗ ಇನ್ನೊಂದ ಮಾತೂ ಇತ್ತು. 'ಕಿವುಡಿ ಬರೂ ಹೊತ್ತಾತು, ಛಾಕ್ಕ ನೀರ ಇಡಬೇಕು' ಅಂತ. ಅದನ್ನ ಮಾತ್ರ ಒಂದ ಅಕ್ಷರ ತಪ್ಪಿಲ್ಲದ ಬರದಿತ್ತರಿ."

ಗುರುಸಿದ್ದವ್ವ ಛಾದ ಕಪ್ಪನ್ನು ಬೆಂಚಿನ ಮೇಲೆ ಇಟ್ಟಳು.

"ಸಾಲ್ಯಾಗ ನನಗ ಹಂಗ ಕರೀತಿದ್ರು," ಅಂದರು ಅಕ್ಕೋರು. "ಮನ್ಯಾಗ ಅಣ್ಣನೂ ಕರೀತಿದ್ದ. ಅದಕ್ಕ, ಓದಿದಾಗ ನನ್ನ ಹಳೇ ಹೆಸರು ಅಂತ ಬಿಟ್ಟು ಮುಂದ ಹೋದೆ. ನನಗ ಕಿವುಡಿ ಅನ್ನೋ ಬಾಯಿ ಆಕೀಗೆ ಚಂದ್ರಮುಖಿ ಅಂತದೇನು? ಅನುಮಾನ ಬರಬೇಕಿತ್ತು. ನಂಬಬೇಕನಿಸ್ತು, ನಂಬಿದೆ. ದನಿ ಹಚ್ಚಿ ಕೇಳ್ಲಿಲ್ಲ, ಯಾರಿಗೂ ಕೇಳಸ್ಲಿಲ್ಲ." ಬಸ್ಸು ಬಂತು. ಕ್ಷಮೆ ಕೇಳಬೇಕೆಂದು ಗುರುಸಿದ್ದವ್ವ ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕೋರು ಹುಡುಗಿಯ ಕಾಲನ್ನು ಬಾಗಿಲಿಗೆ ತಾಗದಂತೆ ಹಿಡಿದು ಹತ್ತಿಸುತ್ತಿದ್ದರು.

ಅಕ್ಕೋರು ಮತ್ತೆ ಬಂದದ್ದು ಒಂದೇ ಸಲ. ಅವರ ಕೆಲಸದ ಕರಾರು ಮುಗಿದಿತ್ತು, ಬೇರೆ ಜಿಲ್ಲೆಯಲ್ಲಿ ಜಾಗ ಸಿಕ್ಕಿತ್ತು. ಅಷ್ಟರಲ್ಲಿ ಹುಡುಗಿ ಸಾಲೆಗೆ ಹೋಗತೊಡಗಿದ್ದಳು. ಮೊದಲ ದಿನವೇ ಮಕ್ಕಳು ಹೆಸರು ಕೇಳಿದ್ದರು, ಹುಡುಗಿ ಹೇಳಿದ್ದಳು. ಈಗ ತರಗತಿಗೆ ತರಗತಿಯೇ ಹಾಗೆ ಕರೆಯುತ್ತಿತ್ತು. ಸಾಲೆ ಬಿಟ್ಟ ಮೇಲೆ ಓಣಿಯ ಹುಡುಗಿಯರು ಕಿಟಕಿಯಲ್ಲಿ ಇಣುಕಿ "ಏ ಮೂಕೀ!" ಎಂದು ಆಯಿಯ ಧಾಟಿಯನ್ನೇ ಎಳೆದು ಕೂಗಿ ಓಡುವರು. ಒಲೆಯ ಮುಂದೆ ಕೂತ ಗುರುಸಿದ್ದವ್ವ ಯಾರನ್ನೂ ಬೈಯುವಂತಿರಲಿಲ್ಲ.

"ಅತ್ತೀ ಹೆಸರ ಅಂತ ಮುಂದ ಹಾಕಿದ್ದು ಸಾಕ್ರಿ," ಅಂದಳು ಆಕೆಯೇ. "ಹೆಸರ ಹೇಳತೇನಿ, ಮಿಷನ್ನಿಗೆ ಕಲಿಸ್ರಿ."

ಆದರೆ ಮಿಷನ್ ಮುಂದೆ ಹಿಡಿದಾಗ ನಾಲಿಗೆ ಹೊರಳಲಿಲ್ಲ. ಕೊನೆಗೆ ರೂಢಿಯ ದಾರಿಯನ್ನೇ ಹಿಡಿದಳು:

"ಹಾಸ ಹೊಕ್ಕ ಕೂಡಿದರ ಖಣಕ್ಕ ಬಂತು ಬಣ್ಣ,
ಶಿವಗಂಗಾ ನಕ್ಕರ ತಣ್ಣಗಾದೀತ ಕಣ್ಣ."

ಬಾಗಿಲಲ್ಲಿ ನಿಂತಿದ್ದ ದೌಲತಬಿ, "ವಾ ವಾ! ಮುದುಕಿಗೆ ಇನ್ನೊಂದ ಲಗ್ನ ಮಾಡಬೇಕು," ಎಂದಳು. ಅಕ್ಕೋರು ಪರದೆಯ ಮೇಲೆ ಒಡಪು ಓದಿ ನಕ್ಕರು. ಓದಿದ್ದು ಸಾಲದೆಂದು ಮಿಷನ್ನನ್ನು ಕಿವಿಗೆ ಒತ್ತಿಕೊಂಡು ದನಿಯನ್ನೂ ಕೇಳಿದರು. "ಹೆಸರ ಕೇಳಿದವ್ರಿಗೆಲ್ಲ ಆಕಿ ಪದಾ ಹೇಳ್ಬೇಕೇನ್ರಿ? ಬರೇ ಹೆಸರ ಅನ್ರಿ."

ಗುರುಸಿದ್ದವ್ವ ಕಣ್ಣು ಮುಚ್ಚಿ, ಸತ್ತ ಅತ್ತೆಗೆ ಮನಸ್ಸಿನಲ್ಲೇ ಕೈಮುಗಿದು, "ಶಿವಗಂಗಾ," ಅಂದಳು.

"ಇನ್ನೊಮ್ಮೆ ಅನ್ರಿ."

"ಶಿವಗಂಗಾ."

ಕಣ್ಣು ತೆರೆದಾಗ ಮೊಮ್ಮಗಳು ಆಕೆಯತ್ತ ನೋಡುತ್ತಿರಲಿಲ್ಲ. ಯಾರೋ ಬಂದರೆಂದು ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ದೌಲತಬಿಯಲ್ಲದೆ ಯಾರೂ ಇಲ್ಲವೆಂದು ಕಂಡು, ಶಿವಗಂಗಾ ಎಂಬವಳು ಎಲ್ಲಿ ಎನ್ನುವಂತೆ ಆಯಿಯ ಕಡೆ ತಿರುಗಿದಳು. ದೌಲತಬಿಯೂ ನಗುವುದನ್ನು ನಿಲ್ಲಿಸಿದಳು.

ಗುರುಸಿದ್ದವ್ವನಿಗೆ ಆ ನೋಟ ತಡೆಯಲಾಗಲಿಲ್ಲ. "ಅಕ್ಕೋರ, ಹಳೇದನ್ನ ಮಿಷನ್ನಿನಿಂದ ತಗದ ಬಿಡ್ರಿ," ಅಂದಳು. "ಈಗಿಂದೀಗ ತಗದ ಬಿಡ್ರಿ. ನಿಮಗ ಕೈ ಮುಗೀತೇನಿ."

"ನಾ ತಗ್ಯೂದಿಲ್ರಿ."

"ಯಾಕ್ರಿ?"

"ಅದು ಆಕಿ ಮಾತರಿ. ನೀವು ಇಟ್ಟದ್ದ ಖರೆ, ಆದ್ರ ಈಗ ಆಕೀದು. ಆಕೀನ್ನ ಕೇಳದ ನಾ ಹೆಂಗ ಅಳಸ್ಲಿ? ಒಮ್ಮೆ ಕೇಳದ ಹಾಕಿದ್ದು ಸಾಕಾಗೇದ."

ಅಕ್ಕೋರು ಚೀಲ ಹೆಗಲಿಗೇರಿಸಿದರು. ಹುಡುಗಿಯ ತಲೆ ಸವರಿದರು. ಅಂದಪ್ಪ ಮಗ್ಗ ನಿಲ್ಲಿಸಿ ಎದ್ದು ನಿಂತ. ಹೊಸ್ತಿಲು ದಾಟಿದವರು ತಿರುಗಿ, ಗುರುಸಿದ್ದವ್ವನ ತುಟಿ ಕಾಣುವಂತೆ ಎದುರಿಗೆ ನಿಂತರು.

"ಒಂದ ಕೆಲಸಾ ಮಾಡ್ರಿ. ನಾ ಹೋದ ಮ್ಯಾಲೆ ಆಕಿ ಮುಂದ ಕೂತು, ನಿನ್ನ ಏನಂತ ಕರೀಲೆವಾ ಅಂತ ನೀವ ಕೇಳ್ರಿ. ಎರಡೂ ಹೆಸರು ಅದರಾಗ ಅವ. ಆಕಿ ಯಾವದನ್ನ ಇಡು ಅಂತಾಳ, ಅದನ್ನ ಇಡ್ರಿ."

"ಆಕಿ ಅಂದದ್ದು ನನಗ ತಿಳೀಲಿಲ್ಲಂದ್ರ?"

"ಇನ್ನೊಮ್ಮೆ ಅನ್ನವಾ ಅನ್ರಿ," ಅಂದರು ಅಕ್ಕೋರು.